ಟ್ರೂನ್ಯಾಟ್

ಟ್ರೂನ್ಯಾಟ್ ಎಂಬುದು ರೋಗಾಣುಗಳ ವಂಶವಾಹಿಯನ್ನು ಗುರುತಿಸಿ ಕ್ಷಯ ಮುಂತಾದ ಸೋಂಕುಗಳನ್ನು ಪತ್ತೆಹಚ್ಚುವ, ಭಾರತದಲ್ಲಿ ಅಭಿವೃದ್ಧಿಗೊಂಡ ಚಿಪ್ ಆಧಾರಿತ ಪರೀಕ್ಷಾ ವ್ಯವಸ್ಥೆ. ಇದನ್ನು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದು, ಗೋವಾದ ಮೋಲ್ಬಯೋ ಡಯಾಗ್ನೋಸ್ಟಿಕ್ಸ್ ಸಂಸ್ಥೆಯು ತಯಾರಿಸುತ್ತದೆ. ಇದರ ಯಂತ್ರಗಳು ಬ್ಯಾಟರಿಯಿಂದಲೂ ನಡೆಯುವುದರಿಂದ ದೊಡ್ಡ ಪ್ರಯೋಗಾಲಯಗಳಿಲ್ಲದ ಸ್ಥಳಗಳಲ್ಲಿಯೂ ಬಳಸಬಹುದಾಗಿದೆ.

ಹಿನ್ನೆಲೆ

ಕ್ಷಯರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದರು. ಅಂದಿನಿಂದ ಬಹುಕಾಲದವರೆಗೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ರೋಗನಿರ್ಣಯದ ಮುಖ್ಯ ವಿಧಾನವಾಗಿತ್ತು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣುಗಳಿದ್ದರೆ ಮಾತ್ರ ಅವು ಈ ವಿಧಾನದಲ್ಲಿ ಕಣ್ಣಿಗೆ ಬೀಳುತ್ತವೆ. ಅವು ಔಷಧಕ್ಕೆ ಬಗ್ಗುತ್ತವೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ರೋಗಾಣುವನ್ನು ಬೆಳೆಸಿ ನೋಡುವ ಕೃಷಿ ಪರೀಕ್ಷೆ ಹೆಚ್ಚು ನಿಖರವಾದರೂ ಅದಕ್ಕೆ ಹಲವು ವಾರಗಳು ಬೇಕು. ಈ ಅವಧಿಯಲ್ಲಿ ರೋಗಿಗೆ ಸರಿಯಾದ ಚಿಕಿತ್ಸೆ ದೊರೆಯದೆ, ಸೋಂಕು ಮನೆಯವರಿಗೂ ನೆರೆಯವರಿಗೂ ಹರಡುವ ಅಪಾಯವಿರುತ್ತದೆ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜೀನ್‌ಎಕ್ಸ್‌ಪರ್ಟ್ ಎಂಬ ವಂಶವಾಹಿ ಪರೀಕ್ಷೆಯನ್ನು ಅನುಮೋದಿಸಿತು. ಇದರ ಫಲಿತಾಂಶ ಸುಮಾರು ಎರಡು ಗಂಟೆಗಳಲ್ಲಿ ದೊರೆಯುತ್ತದೆ. ಆದರೆ ಯಂತ್ರಕ್ಕೆ ನಿರಂತರ ವಿದ್ಯುತ್ ಬೇಕಾಗಿದ್ದು, ಬಿಸಿಲಿನ ಪ್ರದೇಶಗಳಲ್ಲಿ ಹವಾನಿಯಂತ್ರಣವೂ ಅಗತ್ಯವಾಗುತ್ತದೆ. ಆದ್ದರಿಂದ ಗ್ರಾಮೀಣ ಕೇಂದ್ರಗಳಲ್ಲಿ ಇದರ ಬಳಕೆ ಕಷ್ಟಕರವಾಗಿತ್ತು.

ತತ್ವ

ಟ್ರೂನ್ಯಾಟ್ ಪಾಲಿಮರೇಸ್ ಸರಪಳಿ ಕ್ರಿಯೆಯನ್ನು (ಪಿಸಿಆರ್) ಆಧರಿಸಿದೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಈ ವಿಧಾನಕ್ಕಾಗಿ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಮಾದರಿಯನ್ನು ಪದೇ ಪದೇ ಕಾಯಿಸಿ ತಣಿಸಿದಾಗ, ಅದರಲ್ಲಿರುವ ನಿರ್ದಿಷ್ಟ ಡಿಎನ್‌ಎ ತುಣುಕು ಪ್ರತಿ ಸುತ್ತಿನಲ್ಲಿಯೂ ಸರಿಸುಮಾರು ಇಮ್ಮಡಿಯಾಗುತ್ತದೆ. ಹೀಗೆ ಬೆರಳೆಣಿಕೆಯ ಪ್ರತಿಗಳೂ ಮೂವತ್ತು ಸುತ್ತುಗಳಲ್ಲಿ ಶತಕೋಟಿಗಳ ಸಂಖ್ಯೆಗೆ ಏರಬಲ್ಲವು. ಈ ಹೆಚ್ಚಳವನ್ನು ಪ್ರತಿದೀಪ್ತ ಬೆಳಕಿನ ಮೂಲಕ ಯಂತ್ರವು ಅಳೆಯುತ್ತದೆ. ಬೆಳಕು ಬೇಗನೆ ಕಾಣಿಸಿಕೊಂಡರೆ ಮಾದರಿಯಲ್ಲಿ ರೋಗಾಣುಗಳು ಹೆಚ್ಚಾಗಿವೆ ಎಂದು ಅರ್ಥ.

ದ್ರವದ ಪ್ರಮಾಣ ಅತ್ಯಲ್ಪವಾಗಿರುವುದೇ ಈ ವ್ಯವಸ್ಥೆಯ ವೈಶಿಷ್ಟ್ಯ. ಹಂಡೆಯ ನೀರಿಗಿಂತ ಚಮಚದ ನೀರು ಬೇಗ ಕಾಯುವಂತೆ, ಚಿಪ್‌ನ ಕಿರುಗುಳಿಯಲ್ಲಿರುವ ಕೆಲವೇ ಮೈಕ್ರೋಲೀಟರ್ ದ್ರವವು ಕ್ಷಿಪ್ರವಾಗಿ ಕಾಯುತ್ತದೆ, ತಣಿಯುತ್ತದೆ. ಇದರಿಂದ ಸಮಯವೂ ವಿದ್ಯುತ್ತೂ ಉಳಿಯುತ್ತವೆ.

ಪರೀಕ್ಷೆಯ ವಿಧಾನ

1. ರೋಗಿಯ ಕಫವನ್ನು ದ್ರಾವಣಗಳೊಂದಿಗೆ ಬೆರೆಸಿ ತೆಳುವಾಗಿಸಿ, ರೋಗಾಣುಗಳನ್ನು ಒಡೆಯಲಾಗುತ್ತದೆ.
2. ಈ ಮಿಶ್ರಣವನ್ನು ಕಾರ್ಟ್ರಿಡ್ಜ್‌ಗೆ ಹಾಕಿ ‘ಟ್ರೂಪ್ರೆಪ್’ ಯಂತ್ರದಲ್ಲಿ ಇರಿಸಿದಾಗ ಡಿಎನ್‌ಎ ಬೇರ್ಪಡುತ್ತದೆ.
3. ಬೇರ್ಪಟ್ಟ ಡಿಎನ್‌ಎ ದ್ರಾವಣದ 6 ಮೈಕ್ರೋಲೀಟರ್‌ಗಳನ್ನು ಒಣಗಿಸಿಟ್ಟ ರಾಸಾಯನಿಕದೊಂದಿಗೆ ಸೇರಿಸಿ ಚಿಪ್‌ನ ಮೇಲೆ ಹಾಕಲಾಗುತ್ತದೆ.
4. ಚಿಪ್ಪನ್ನು ‘ಟ್ರೂಲ್ಯಾಬ್’ ಯಂತ್ರದಲ್ಲಿಟ್ಟರೆ ಫಲಿತಾಂಶ ಪರದೆಯ ಮೇಲೆ ಮೂಡುತ್ತದೆ.

ಇಡೀ ಪ್ರಕ್ರಿಯೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಕ್ಷಯ ದೃಢಪಟ್ಟಲ್ಲಿ, ಅದೇ ಡಿಎನ್‌ಎಯನ್ನು ಇನ್ನೊಂದು ಚಿಪ್‌ಗೆ ಹಾಕಿ ರೋಗಾಣು ರಿಫಾಂಪಿಸಿನ್ ಔಷಧಕ್ಕೆ ನಿರೋಧಕವಾಗಿದೆಯೇ ಎಂದು ಮತ್ತೊಂದು ಗಂಟೆಯಲ್ಲಿ ತಿಳಿಯಬಹುದು. ಇದಕ್ಕಾಗಿ ಆರ್‌ಪಿಒಬಿ ಎಂಬ ವಂಶವಾಹಿಯಲ್ಲಿನ ಬದಲಾವಣೆಗಳನ್ನು ಹುಡುಕಲಾಗುತ್ತದೆ. ಒಮ್ಮೆಗೆ ಒಂದು, ಎರಡು ಅಥವಾ ನಾಲ್ಕು ಚಿಪ್‌ಗಳನ್ನು ಪರೀಕ್ಷಿಸಬಲ್ಲ ಮಾದರಿಯ ಯಂತ್ರಗಳು ಲಭ್ಯವಿವೆ.

ಮಾನ್ಯತೆ ಮತ್ತು ಬಳಕೆ

ಭಾರತ, ಇಥಿಯೋಪಿಯ, ಪೆರು ಮತ್ತು ಪಪುವಾ ನ್ಯೂಗಿನಿಗಳಲ್ಲಿ ಈ ಪರೀಕ್ಷೆಯ ಅಧ್ಯಯನ ನಡೆಯಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಕ್ಷಯದ ಆರಂಭಿಕ ಪರೀಕ್ಷೆಯಾಗಿ ಶಿಫಾರಸು ಮಾಡಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕೋವಿಡ್-19 ಪರೀಕ್ಷೆಗೂ ಇದರ ಬಳಕೆಗೆ ಅನುಮತಿ ನೀಡಿತು. ಭಾರತದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇದು ಬಳಕೆಯಲ್ಲಿದೆ.

ಮಿತಿಗಳು

* ದ್ರವವನ್ನು ಅಳೆದು ಚಿಪ್‌ಗೆ ಹಾಕುವ ಕೆಲಸ ಕೈಯಿಂದಲೇ ಆಗಬೇಕಾದ ಕಾರಣ ತರಬೇತಿ ಪಡೆದ ತಂತ್ರಜ್ಞರು ಅಗತ್ಯ.
* ಸತ್ತ ರೋಗಾಣುಗಳ ಡಿಎನ್‌ಎ ಸಹ ಪತ್ತೆಯಾಗುವುದರಿಂದ, ಚಿಕಿತ್ಸೆಯಿಂದ ರೋಗ ಗುಣವಾಗುತ್ತಿದೆಯೇ ಎಂದು ತಿಳಿಯಲು ಇದು ಸೂಕ್ತವಲ್ಲ.
* ರಿಫಾಂಪಿಸಿನ್ ಚಿಪ್ ಇತರ ಔಷಧಗಳಿಗೆ ಇರುವ ನಿರೋಧಕತೆಯನ್ನು ತಿಳಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು.
* ಕಫ ತೆಗೆಯಲು ಬಾರದ ಚಿಕ್ಕ ಮಕ್ಕಳಲ್ಲಿ ಮಾದರಿ ಪಡೆಯುವುದು ಕಷ್ಟ.

ಫಲಿತಾಂಶ ಬೇಗನೆ ಬಂದರೂ ಚಿಕಿತ್ಸೆ ತಡವಾದರೆ ಅದರ ಪ್ರಯೋಜನ ರೋಗಿಗೆ ದೊರೆಯುವುದಿಲ್ಲ. ಆದ್ದರಿಂದ ಪರೀಕ್ಷೆ ನಡೆಯುವ ಕೇಂದ್ರದಲ್ಲಿಯೇ ಔಷಧವೂ ಲಭ್ಯವಿರುವುದು ಮುಖ್ಯವಾಗಿದೆ.