ಭಾಗಮಂಡಲದಲ್ಲಿ ನದಿಯ ಏರಿಕೆಯ ಎಣಿಕೆ

ಕಾವೇರಿಯ ಏರಿಕೆಯನ್ನು ಮುಂಚಿತವಾಗಿ ಹೇಳುವ ಎರಡು ಪರಂಪರೆಗಳು ಕೊಡಗಿನ ಭಾಗಮಂಡಲದಲ್ಲಿ ಅಕ್ಕಪಕ್ಕದಲ್ಲೇ ಬೆಳೆದು ಬಂದಿವೆ. ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯಲ್ಲಿ, ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಮೇಲಿರುವ ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ನೀರು ಉಕ್ಕುತ್ತದೆಂದು ನಂಬಿ, ಆ ಗಳಿಗೆಯನ್ನು ನಿಮಿಷದ ಮಟ್ಟಿಗೆ ಗೊತ್ತುಪಡಿಸುವ ತೀರ್ಥೋದ್ಭವದ ಲೆಕ್ಕ ಮೊದಲನೆಯದು. ಆಷಾಢ ಶ್ರಾವಣಗಳಲ್ಲಿ ಕಾವೇರಿ ಮತ್ತು ಕನ್ನಿಕೆ ಹೊಳೆಗಳು ಕೂಡುವ ತ್ರಿವೇಣಿ ಸಂಗಮ ಎಂದು ತುಂಬೀತು, ಮಡಿಕೇರಿ ಮತ್ತು ನಾಪೋಕ್ಲು ರಸ್ತೆಗಳು ಎಂದು ಮುಳುಗಾವು ಎಂಬ ಊರಿನವರ ಅಂದಾಜು ಎರಡನೆಯದು. ಸಂಗಮದ ಮೂರನೆಯ ನದಿಯಾದ ಸುಜ್ಯೋತಿ ಗುಪ್ತಗಾಮಿನಿ, ಅಂದರೆ ಕಣ್ಣಿಗೆ ಕಾಣದೆ ಹರಿಯುವುದೆಂಬ ನಂಬಿಕೆಯದು.

ತೀರ್ಥೋದ್ಭವದ ಮುಹೂರ್ತ 2021ರ ಅಕ್ಟೋಬರ್ 17ರಂದು ಮಧ್ಯಾಹ್ನ 1.11ಕ್ಕೆ ಬಂದರೆ, 2022ರಲ್ಲಿ ಅದೇ ದಿನಾಂಕದ ಸಂಜೆ 7.21ಕ್ಕೆ, 2023ರಲ್ಲಿ 17ರ ನಡುರಾತ್ರಿ ಕಳೆದ ಮೇಲೆ 1.27ಕ್ಕೆ, 2024ರಲ್ಲಿ 17ರ ಬೆಳಿಗ್ಗೆ 7.40ಕ್ಕೆ ಬಂದಿತು. ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡ ಸೌರವರ್ಷವು 365 ದಿನಗಳಿಗಿಂತ ಆರು ಗಂಟೆ ಚಿಲ್ಲರೆ ಉದ್ದವಾಗಿರುವುದರಿಂದ ಪ್ರತಿವರ್ಷವೂ ಮುಹೂರ್ತವು ಅಷ್ಟೇ ಹೊತ್ತು ಮುಂದಕ್ಕೆ ಸರಿಯುತ್ತದೆ; ಅಧಿಕ ವರ್ಷದಲ್ಲಿ ಮಾತ್ರ ದಿನಾಂಕ ಒಂದು ದಿನ ಹಿಂದಕ್ಕೆ ಬರುತ್ತದೆ. ಗ್ರಹಗತಿಯ ಈ ಗಣಿತದಲ್ಲಿ ಪಣಕ್ಕೆ ಎಡೆಯಿಲ್ಲ.

ಮುಂಗಾರಿನ ಎಣಿಕೆಗೂ ಪಂಚಾಂಗ ತನ್ನದೇ ಆದ ಚೌಕಟ್ಟನ್ನು ಕೊಟ್ಟಿತ್ತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ‘ಮಳೆ’ಯೆಂದು ಕರೆಯುವ ಈ ಕ್ರಮದಲ್ಲಿ ಪುನರ್ವಸು, ಪುಷ್ಯ ಮತ್ತು ಆಶ್ಲೇಷ ಮಳೆಗಳು ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ ಹಬ್ಬಿದ್ದು, ಅವುಗಳ ಬಹುಭಾಗ ಕೊಡವರ ಕಕ್ಕಡ ಮಾಸದೊಡನೆ ಕೂಡಿಕೊಳ್ಳುತ್ತದೆ. ಪ್ರತಿ ಮಳೆಗೂ ಆನೆ, ಕಪ್ಪೆ, ಕುದುರೆ ಮೊದಲಾದ ವಾಹನಗಳನ್ನು ಹೇಳಿ ಅದರ ಬಲವನ್ನು ಸೂಚಿಸುವ ಪದ್ಧತಿಯೂ ಇದೆ. ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಆಢಕವೆಂಬ ಅಳತೆಯಲ್ಲಿ ಎಣಿಸುವ ವಿಧಾನವನ್ನು ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಿವರಿಸಿದ್ದಾನೆ. ಭವಿಷ್ಯದ ಮಾತಿಗೆ ಅಳತೆಯ ಪುರಾವೆ ಬೇಕೆಂಬ ಅರಿವು ಅಷ್ಟು ಹಳೆಯದೆಂಬುದು ಗಮನಾರ್ಹ.

ಕೊಡಗಿನಲ್ಲಿ ಆ ಅರಿವಿಗೆ ಹೊಸ ರೂಪ ಕೊಟ್ಟದ್ದು ಕಾಫಿ. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಯ ಮೇಲೆ, ಅಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಮಳೆಯ ಮೇಲೆ, ವರ್ಷದ ಫಸಲು ನಿಂತಿರುವುದರಿಂದ ತೋಟಗಳಲ್ಲಿ ಮಳೆಮಾಪಕವನ್ನಿಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಬೇರೂರಿತು. ಮಿಲಿಮೀಟರ್ ಬಳಕೆಗೆ ಬಂದ ಮೇಲೂ ಬೆಳೆಗಾರರ ಮಾತಿನಲ್ಲಿ ಮಳೆ ಇಂಚುಗಳಲ್ಲೇ ಉಳಿದಿದ್ದು, ಇಂಚಿನ ನೂರನೆಯ ಒಂದು ಭಾಗಕ್ಕೆ ‘ಸೆಂಟ್’ ಎನ್ನುತ್ತಾರೆ. ತಮ್ಮ ತೋಟಕ್ಕೆ ಎಷ್ಟು, ನೆರೆಯವರಿಗೆ ಎಷ್ಟು, ಹೋದ ವರ್ಷ ಈ ಹೊತ್ತಿಗೆ ಎಷ್ಟು ಎಂದು ಲೆಕ್ಕ ಹೋಲಿಸುವುದು ಬಹುಮಾನವಿಲ್ಲದ ಸ್ಪರ್ಧೆಯೇ ಸರಿ, ಮತ್ತು ಹೊಳೆ ಯಾವಾಗ ದಡ ಮೀರೀತೆಂಬ ಅಂದಾಜು ಇಂಥ ಹೋಲಿಕೆಯಿಂದಲೇ ಹರಿತವಾಗುತ್ತದೆ. ವರ್ಷಕ್ಕೆ ಸರಾಸರಿ ಆರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಭಾಗಮಂಡಲದ ಅಂಕಿಗಾಗಿ, 124.80 ಅಡಿಯ ಕೃಷ್ಣರಾಜಸಾಗರ ತುಂಬುವುದನ್ನು ಎದುರು ನೋಡುವ ಮಂಡ್ಯದ ರೈತರೂ ಪತ್ರಿಕೆಯನ್ನು ತಿರುವುತ್ತಾರೆ.

ಇಂಥ ಸ್ಪರ್ಧೆಯಿಂದ ಏನು ದೊರೆಯಬಹುದೆಂಬುದಕ್ಕೆ ಅಲಾಸ್ಕಾದ ನೆನಾನಾ ಊರು ಸಾಕ್ಷಿಯಾಗಿದೆ. ತನಾನಾ ನದಿಯ ಮಂಜುಗಡ್ಡೆ ವಸಂತದಲ್ಲಿ ಒಡೆಯುವ ದಿನ ಮತ್ತು ನಿಮಿಷವನ್ನು ಊಹಿಸುವ ಪಣ ಅಲ್ಲಿ 1917ರಲ್ಲಿ ರೈಲುಮಾರ್ಗದ ಎಂಜಿನಿಯರುಗಳ ನಡುವೆ ಆರಂಭವಾಗಿ ಇಂದಿಗೂ ನಡೆಯುತ್ತಿದ್ದು, ಅದರ ಶತಮಾನದ ದಾಖಲೆಯನ್ನು ಹವಾಗುಣದ ಅಧ್ಯಯನಕಾರರು ಬಳಸಿಕೊಂಡಿದ್ದಾರೆ. ಕೊಡಗಿನ ತೋಟಗಳ ಮಳೆಪುಸ್ತಕಗಳೂ ಅದೇ ಗೌರವಕ್ಕೆ ಅರ್ಹವಾದವು. ಮನೆ ಪಾಲಾದಾಗ, ತೋಟ ಕೈಬದಲಾದಾಗ ಅವು ಗೆದ್ದಲಿಗೆ ಸಿಕ್ಕರೆ ಕಾವೇರಿಯ ಚರಿತ್ರೆಯ ಒಂದು ಭಾಗವೇ ಇಲ್ಲವಾಗುತ್ತದೆ.

ಭಾರತದಲ್ಲಿ ವೈಜ್ಞಾನಿಕ ನೆರೆ ಮುನ್ಸೂಚನೆ 1958ರಲ್ಲಿ ದೆಹಲಿಯ ಯಮುನಾ ಸೇತುವೆಯ ಬಳಿ ಆರಂಭವಾಯಿತು. ಮೇಲಿನ ಊರಿನಲ್ಲಿ ನೀರಿನ ಮಟ್ಟ ಅಳೆದು, ಅದು ಕೆಳಗಿನ ಊರಿಗೆ ತಲುಪುವ ಹೊತ್ತನ್ನು ಎಣಿಸುವುದು ಈ ಮುನ್ಸೂಚನೆಯ ಮೂಲತತ್ತ್ವ. ಭಾಗಮಂಡಲಕ್ಕೆ ಈ ಅನುಕೂಲ ಕಡಿಮೆ, ಏಕೆಂದರೆ ಅದಕ್ಕಿಂತ ಮೇಲೆ ಇರುವುದು ಬೆಟ್ಟವೊಂದೇ. ಅರಬ್ಬೀ ಸಮುದ್ರದ ಗಾಳಿ ಬ್ರಹ್ಮಗಿರಿ ಸಾಲಿಗೆ ತಾಗಿ ಸುರಿಸುವ ಮಳೆ ಕಡಿದಾದ ಇಳಿಜಾರಿನಲ್ಲಿ ಕೆಲವೇ ಗಂಟೆಗಳಲ್ಲಿ ಸಂಗಮಕ್ಕೆ ಬಂದು ಸೇರುತ್ತದೆ. ಜೂನ್ ತಿಂಗಳ ಒಣನೆಲ ಹೀರಿಕೊಳ್ಳುವಷ್ಟೇ ಮಳೆ, ನೆಲ ನೀರುಂಡು ತಣಿದ ಕಕ್ಕಡದಲ್ಲಿ ಗದ್ದೆಗಳನ್ನೆಲ್ಲ ಮುಳುಗಿಸಬಲ್ಲದು. ಆದ್ದರಿಂದ ಗರಿಷ್ಠ ಹರಿವಿನ ದಿನವನ್ನು ಊಹಿಸುವವರು ಆ ದಿನದ ಮಳೆಯ ಜೊತೆಗೆ ಹಿಂದಿನ ವಾರಗಳ ಮಳೆಯನ್ನೂ ಕೂಡಿಸಿ ನೋಡಬೇಕಾಗುತ್ತದೆ. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನು ಸಮಾಧಿ ಮಾಡಿದಾಗ ಸಂಗಮವೂ ಉಕ್ಕಿ ಹರಿಯುತ್ತಿದ್ದುದರಿಂದ, ರಕ್ಷಣೆಗೆ ಹೊರಟವರು ಬೆಟ್ಟವನ್ನು ಹತ್ತುವ ಮುನ್ನ ಭಾಗಮಂಡಲದ ನೆರೆಯನ್ನು ದಾಟಬೇಕಾಯಿತು.