ಹಲ್ಲು ಹೋದ ಮೇಲಿನ ದವಡೆ

ನಮ್ಮಂಥ ಹಾಡುವವರಿಗೆ ಹಲ್ಲು ಅಂದ್ರ ಬರೇ ಊಟದ ಮಾತಲ್ಲ. ತ, ದ, ನ ಅಕ್ಷರಗಳು ನಾಲಿಗೆ ಹಲ್ಲಿಗೆ ತಾಗಿದಾಗಲೇ ಸ್ಪಷ್ಟ ಬರ್ತಾವ. ನಮ್ಮ ಧರೂರು ಕಡೆ ಹಲ್ಲು ಕೀಳಿಸಿ ಮರೆತುಬಿಡ್ತೀವಿ. ಆದರೆ ಬೇರು ಹೋದ ಮೇಲೆ ಅದನ್ನು ಹಿಡಿದಿದ್ದ ದವಡೆ ಎಲುಬು, ಗಿಡ ಕಿತ್ತ ಒಡ್ಡಿನ ಮಣ್ಣಿನಂಗ ಕರಗುತ್ತದೆ. ಒಂದು ವರ್ಷದೊಳಗೆ ಅದರ ಅಗಲ ಸುಮಾರು ಅರ್ಧ ಕಡಿಮೆ ಆಗಬಹುದು. ಆಮೇಲೆ ಹಲ್ಲಿನ ಸೆಟ್ಟು ಸಡಿಲಾಗತದ, ಹಾಡಿನ ನುಡಿ ಜಾರತದ.

ಕಸಿಯ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಟಿಪ್ಪುವಿನ ಕಾಲದ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಸೆರೆಸಿಕ್ಕು ಮೂಗು ಕಳಕೊಂಡ. ಪುಣೆ ಕಡೆಯವರು ಅವನ ಹಣೆಯ ಚರ್ಮದಿಂದಲೇ ಮೂಗು ಕಟ್ಟಿದರು. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಎಲುಬಿನ ಕಸಿ ನೆಲೆ ಕಂಡದ್ದು ತಡವಾಗಿ. 1880ರ ಸುಮಾರಿಗೆ ಗ್ಲಾಸ್ಗೋದ ಡಾಕ್ಟರ್ ಮೆಕ್ಯುವನ್, ಬೇರೆ ಮಕ್ಕಳ ಸೊಟ್ಟಗಾಲು ನೆಟ್ಟಗೆ ಮಾಡುವಾಗ ತೆಗೆದ ಎಲುಬಿನ ಚೂರುಗಳಿಂದ ಒಬ್ಬ ಹುಡುಗನ ತೋಳು ಉಳಿಸಿದ. 1914–18ರ ಮಹಾಯುದ್ಧದಲ್ಲಿ ದವಡೆ ಒಡೆದ ಸಿಪಾಯಿಗಳಿಗೆ ಸೊಂಟದ, ಪಕ್ಕೆಯ ಎಲುಬು ಕೂಡಿಸಿದರು.

ಈಗ ಹಲ್ಲು ಕಿತ್ತ ಕುಳಿಗೇ ಎಲುಬಿನ ಕಾಳು ತುಂಬಿ, ಮೇಲೆ ತೆಳು ಪೊರೆ ಮುಚ್ಚತಾರ. ಕಾಳು ನಮ್ಮದೇ ಎಲುಬಿನದಿರಬಹುದು, ದನದ ಎಲುಬಿನದೂ ಇರಬಹುದು, ಮೊದಲೇ ಕೇಳಿಕೊಳ್ಳಬೇಕು. ಹೊಸ ಎಲುಬು ಕೂಡಲಿಕ್ಕೆ ಮೂರರಿಂದ ಆರು ತಿಂಗಳು ಬೇಕು. ಸವೆತ ಪೂರ್ತಿ ನಿಲ್ಲಲ್ಲ, ಕಡಿಮೆ ಆಗತದ. ಎಲ್ಲರಿಗೂ ಇದು ಬೇಕಾಗಲ್ಲ, ಖರ್ಚೂ ಅದ. ಆದರೆ ಮುಂದೆ ಹಲ್ಲು ಕೂಡಿಸಬೇಕೆನ್ನುವವರು, ಕೀಳಿಸೋ ಮೊದಲೇ ಡಾಕ್ಟರಿಗೆ ಈ ಮಾತು ಕೇಳ್ರಿ.