ಹೆಳವರ ವಂಶಾವಳಿ: ಕಂಪ್ಲಿ ಸೀಮೆಯ ಮನೆತನಗಳ ಒಂದು ಆಕರ

ಇಂಗ್ಲೆಂಡಿನ ಹಳ್ಳಿಯಲ್ಲಿ ಪೂರ್ವಿಕರನ್ನು ಅರಸುವವರು ಮೊದಲು ಅಲ್ಲಿನ ಚರ್ಚಿನ ದಾಖಲೆಪುಸ್ತಕವನ್ನು ತೆರೆಯುತ್ತಾರೆ. ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಅದರಲ್ಲಿ ಬರೆದಿಡಬೇಕೆಂಬ ಆಜ್ಞೆ 1538ರಲ್ಲಿಯೇ ಹೊರಟಿತ್ತು. ತುಂಗಭದ್ರೆಯ ದಂಡೆಯ ಕಂಪ್ಲಿ ಸೀಮೆಯ ಒಕ್ಕಲು ಮನೆತನಗಳಿಗೆ ಅಂಥ ಪುಸ್ತಕವಿಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಯ ವಶಕ್ಕೆ ಬಂದ ಈ ಪ್ರದೇಶದಲ್ಲಿ ಥಾಮಸ್ ಮನ್ರೋ ನಡೆಸಿದ ಭೂಮಾಪನವು ಹೊಲವನ್ನೂ ಕಂದಾಯವನ್ನೂ ಬಲ್ಲದು. ಉಳುವವನ ಮುತ್ತಜ್ಜ ಯಾವ ಊರಿನಿಂದ ಬಂದನೆಂಬುದು ಅದರ ಗೊಡವೆಯಲ್ಲ.

ಅದನ್ನು ಬಲ್ಲವರು ಹೆಳವರು. ಎತ್ತಿನೊಡನೆ ಊರೂರು ಸುತ್ತುತ್ತಿದ್ದ ಇವರು ತಮ್ಮ ಪಾಲಿನ ಮನೆಗಳಿಗೆ ಬಂದು, ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಹಣ ಪಡೆದು ಮುಂದೆ ಸಾಗುವರು. ಬಾಯಿಪಾಠದ ಜೊತೆಗೆ ಕೈಬರಹದ ಪುಸ್ತಕಗಳೂ ಇವರಲ್ಲಿವೆ. ಮನೆದೇವರು, ಬೆಡಗು, ಮೂಲ ಊರು ಇವು ಹೆಸರಿಗೆ ಅಂಟಿಕೊಂಡೇ ಬರುತ್ತವೆ. ಸಂಶೋಧಕನಿಗೆ ಬಹಳ ಬೆಲೆಯುಳ್ಳದ್ದು ಈ ಮೂಲ ಊರು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗ ಹಲವು ಹಳ್ಳಿಗಳು ಮುಳುಗಿದವು. ಚದುರಿಹೋದ ಕುಲಗಳನ್ನು ಮತ್ತೆ ಹೊಂದಿಸಲು ಇಂಥ ಹೇಳಿಕೆಗಳೇ ಎಳೆಯಾಗಬಲ್ಲವು.

ಆದರೂ ಕಾಣಿಕೆ ಕೊಡುವವನ ಮುಂದೆ ಹೇಳುವ ವಂಶಾವಳಿ ಇದು. ಹೊಗಳಿಕೆ ಸಹಜ; ಹಿಂದೆ ಸರಿದಂತೆ ಪುರಾಣವೂ ಬೆರೆಯುತ್ತದೆ. ಇನಾಂ ದಾಖಲೆಗಳಲ್ಲಿ ಮೂರ್ನಾಲ್ಕು ತಲೆಗಳಾದರೂ ತಾಳೆಯಾದರೆ ಮಾತ್ರ ನಂಬುವುದು ಲೇಸು. ಇನ್ನೂ ದೊಡ್ಡ ಕೊರತೆಯೆಂದರೆ ಎಣಿಕೆ ಗಂಡುಸಂತತಿಯದು. ಸೊಸೆಯ ಮೂಲ ತಿಳಿಯಲು ಅವಳ ತವರಿನ ಹೆಳವನನ್ನು ಹುಡುಕಬೇಕು. ಅಲ್ಲಿ ಅವಳ ತಂದೆ, ಅಜ್ಜಂದಿರು ಸಿಗುತ್ತಾರೆ. ಅವಳ ಹೆಸರು ಸಿಗುವುದು ಅಪರೂಪ.